ಏರಿ ಮೇಲಿನ ಹುತ್ತ

ಮುದ್ದೆ ಮುರಿದು ಸಾರಿಗೆ ಅದ್ದುವ ಹೊತ್ತಿಗೇ ಮಾನಸ ಆ ಮಾತು ತೆಗೆದಳು. ಉಣ್ಣುವಾಗ ಜಗಳ ಆಡಬಾರದು ಅನ್ನುವ ಬುದ್ಧಿ ಆ ಮನೆಯಲ್ಲಿ ಯಾರಿಗೂ ಇರಲಿಲ್ಲ. ಸೊಸೆಗಂತೂ ಮೊದಲೇ ಇಲ್ಲ ಎನ್ನುವುದು ರತ್ನಾವತಿಯ ಅಭಿಪ್ರಾಯ.

"ಅತ್ತೆ, ಮುಂದಿನ ವಾರದಿಂದ ಕೆರೆ ಏರಿ ರಿಪೇರಿ ಶುರು. ಆ ಹುತ್ತ ತೆಗೆಸಬೇಕು. ಈಗಲೇ ಹೇಳಿಬಿಡ್ತೀನಿ, ಆಮೇಲೆ ನನ್ನ ಮೇಲೆ ಹಾರಬೇಡಿ."

ರತ್ನಾವತಿಯ ಕೈಯಲ್ಲಿದ್ದ ಸೌಟು ಸಾರಿನ ಪಾತ್ರೆಯೊಳಕ್ಕೆ ಬಿತ್ತು. "ಯಾವ ಹುತ್ತ?"

"ಇಲ್ಲಿ ಇರೋದೇ ಒಂದು. ನೀವು ದಿನಾ ಹಾಲು ಹೊಯ್ಯೋದು."

"ಬಿಡ್ತು ಅನ್ನು! ಮೊದ್ಲು ಬಿಡ್ತು ಅನ್ನು! ಹೊಟ್ಟೇಲಿ ಮಗು ಇಟ್ಕೊಂಡು ಯಾವ ಬಾಯಲ್ಲಿ ಆಡ್ತೀಯೇ ಆ ಮಾತ್ನ?"

"ಕೆರೆ ನೋಡ್ಕೊಳ್ಳೋದು ನನ್ನ ಕೆಲಸ ಅತ್ತೆ. ಸರ್ಕಾರ ಸಂಬಳ ಕೊಡೋದು ಅದಕ್ಕೇ."

ಮಾನಸ ಹೊಸೂರಿನ ಕಡೆಯ ಹುಡುಗಿ. ಮನೆಯಲ್ಲಿ ಕನ್ನಡ, ಇಸ್ಕೂಲಿನಲ್ಲಿ ತಮಿಳು. ಓದಿ ಇಂಜಿನಿಯರಾಗಿ, ನೀರಾವರಿ ಕೆಲಸಕ್ಕೆ ಸೇರಿದ್ದಳು. ಮದರಾಸಿನ ಪಕ್ಕದ ಆವಡಿಯಾಚೆಗಿನ ಆ ಊರಿನ ಕೆರೆ ಅವಳ ಸುಪರ್ದಿಗೆ ಬಂದದ್ದರಿಂದಲೇ ಗಂಡ ಪ್ರತಾಪ್ ಅಲ್ಲಿ, ಏರಿಯ ಕೆಳಗಿನ ಬೀದಿಯಲ್ಲಿ, ಮನೆ ಮಾಡಿದ್ದ. ಅವನಿಗೆ ಅಂಬತ್ತೂರಿನ ಫ್ಯಾಕ್ಟರಿ ಹತ್ತಿರವಾಗುತ್ತಿತ್ತು. ಕೆರೆ ಅಂದರೆ ದೊಡ್ಡದೇನಲ್ಲ. ಒಂದು ಮಣ್ಣಿನ ಏರಿ, ಎರಡು ತೂಬು, ತುಂಬಿದರೆ ಹರಿಯಲಿಕ್ಕೆ ಒಂದು ಕೋಡಿ. ಅದರ ನೀರು ಉಣ್ಣುವ ಗದ್ದೆಗಳು ಅರ್ಧ ಸೈಟುಗಳಾಗಿ ಹೋಗಿದ್ದವು, ಇನ್ನರ್ಧದಲ್ಲಿ ಈಗಲೂ ಭತ್ತ ಬೆಳೆಯುತ್ತಿದ್ದರು.

ರತ್ನಾವತಿ ಮಳವಳ್ಳಿ ಕಡೆಯವಳು. ಮಾನಸಳಿಗೆ ಎರಡು ಸಲ ಬಸಿರು ನಿಂತು ಎರಡು ಸಲವೂ ಹೋದಾಗ, ತಾಯಿಯಿಲ್ಲದ ಸೊಸೆಯನ್ನು ನೋಡಿಕೊಳ್ಳಲಿಕ್ಕೆಂದು ಗಂಡ ಗಂಗಾಧರನನ್ನೂ ಕಟ್ಟಿಕೊಂಡು ಮದರಾಸಿಗೆ ಬಂದಿದ್ದಳು. ಗಂಗಾಧರ ಬಸ್ ಕಂಡಕ್ಟರಾಗಿದ್ದು ರಿಟೈರಾದವನು. ಎಲ್ಲಿ ಊಟ ಬಿಸಿಯಾಗಿ ಸಿಗುತ್ತದೋ ಅದೇ ಅವನ ಊರು. ಬಂದ ವಾರವೇ ರತ್ನಾವತಿ ಏರಿ ಮೇಲೆ ನಡೆಯಲು ಹೋಗಿ ಆ ಹುತ್ತ ಕಂಡಳು. ಸೊಂಟದೆತ್ತರದ ಹುತ್ತ, ನೀರಿನ ಕಡೆಗೆ ಮುಖ ಮಾಡಿ ನಿಂತಿತ್ತು. ಅಲ್ಲೇ ಕೈಮುಗಿದು ಹರಕೆ ಕಟ್ಟಿಕೊಂಡಳು: ಈ ಮನೆಗೆ ಒಂದು ಮಗು ಕೊಡು ನಾಗಪ್ಪ, ಅದು ಹುಟ್ಟೋವರೆಗೂ ದಿನಾ ತನಿ ಎರೀತೀನಿ. ಮಾನಸಳಿಗೆ ಮತ್ತೆ ದಿನ ನಿಂತವು. ಇನ್ನು ಯಾರು ಏನು ಹೇಳಿದರೆ ತಾನೇ ರತ್ನಾವತಿ ಕೇಳುತ್ತಾಳೆ? ಪುರಸೈವಾಕ್ಕಂ ಅಂಗಡಿ ಬೀದಿಗೆ ಹೋಗಿ ಹುತ್ತಕ್ಕೆ ಹಳದಿ ಸೀರೆ ತಂದಳು. ಎದುರು ಮನೆಯ ಸೆಲ್ವಿ ತಾನೂ ಹಾಲಿನ ಪ್ಯಾಕೆಟ್ ಹಿಡಿದು ಬಂದಳು, ಅವಳ ಹಿಂದೆ ಬೀದಿಯ ಹೆಂಗಸರೆಲ್ಲ ಬಂದರು.

"ಅದು ಗೆದ್ದಲು ಕಟ್ಟಿದ ಗೂಡು ಅತ್ತೆ," ಮಾನಸ ಬಿಡಲಿಲ್ಲ. "ಮೇಲೆ ಕಾಣೋದು ಇಷ್ಟು. ಒಳಗೆ ಏರಿನ ಅಡ್ಡಡ್ಡ ಕೊರೆದಿರ್ತವೆ. ಕೆರೆ ತುಂಬಿದ್ರೆ ನೀರು ಅದೇ ದಾರಿ ಹಿಡೀತದೆ. ಏರಿ ಒಡೆದ್ರೆ ಮೊದಲು ಮುಳುಗೋದು ನಮ್ಮ ಬೀದಿ."

"ಗೆದ್ದಲು ಕಟ್ತೋ ಇರುವೆ ಕಟ್ತೋ, ಈಗ ಅಲ್ಲಿರೋನು ನಾಗಪ್ಪ. ಬಸುರಿ ಹೆಂಡ್ತಿ ಇರೋ ಗಂಡಸು ಹಾವಿನ ತಂಟೆಗೆ ಹೋಗಲ್ಲ. ಇವಳು ನೋಡಿ, ಇವಳೇ ಬಸುರಿ, ಇವಳೇ ಅಗೆಸೋಳು!"

"ಪ್ರತಾಪ್, ನೀನೂ ಏನಾದ್ರೂ ಹೇಳು."

ಪ್ರತಾಪ್ ತಟ್ಟೆ ನೋಡುತ್ತಾ, "ಉಪ್ಪು ಕಮ್ಮಿ ಆಗಿದೆ," ಅಂದ.

ಇಬ್ಬರು ಹೆಂಗಸರೂ ಒಟ್ಟಿಗೆ ಅವನ ಮೇಲೆ ಎಗರಿದರು.

ಮಾರನೆಯ ದಿನದಿಂದ ಆ ಮನೆಯಲ್ಲಿ ಒಂದು ಒಲೆ, ಎರಡು ಅಡುಗೆ. ರತ್ನಾವತಿ ಬೆಳಿಗ್ಗೆ ತನಗೂ ಗಂಡನಿಗೂ ಮಾತ್ರ ರೊಟ್ಟಿ ತಟ್ಟಿದಳು. ಮಾನಸ ವಾಂತಿ ಮಾಡಿಕೊಂಡು ಬಂದು ಇಡ್ಲಿ ಬೇಯಿಸಿಕೊಂಡಳು. ಗಂಗಾಧರ ಎರಡನ್ನೂ ತಿಂದ.

"ನಾಚಿಕೆ ಆಗಲ್ವೇನ್ರಿ ನಿಮಗೆ?" ರತ್ನಾವತಿ ಗದರಿದಳು.

"ಜಗಳ ನಿಮ್ಮಿಬ್ಬರದು. ನನ್ನ ಹೊಟ್ಟೆ ಏನು ಮಾಡ್ತು?"

ಪಾತ್ರೆಗಳ ಸದ್ದಿನಲ್ಲೇ ಮಾತು ನಡೆಯಿತು. ಸೊಸೆ ಸ್ನಾನಕ್ಕೆ ಹೊರಟರೆ ಅತ್ತೆ ಬಟ್ಟೆ ನೆನೆಸಲು ಬಚ್ಚಲಿಗೆ ನುಗ್ಗುವಳು. ಅತ್ತೆ ಸೀರಿಯಲ್ ಹಾಕಿದರೆ ಸೊಸೆ ಮಿಕ್ಸಿ ಹಾಕುವಳು. ರತ್ನಾವತಿ ಹುತ್ತದ ಮಣ್ಣು ತಂದು, ಹೊಟ್ಟೆಗೆ ಹಚ್ಚಿಕೋ ಅಂದಳು. ಮಾನಸ ಅದನ್ನು ಕಿಟಕಿಯ ಕಟ್ಟೆಯ ಮೇಲೆ ಹಾಗೇ ಒಣಗಲು ಬಿಟ್ಟಳು.

ಭಾನುವಾರ ಮಧ್ಯಾಹ್ನ ಗಂಡ ಹೆಂಡತಿ ಕೋಣೆಯಲ್ಲಿ ಮಾತಾಡುವುದು ರತ್ನಾವತಿಗೆ ಕೇಳಿಸಿತು. ಕೇಳಿಸಿತು ಅನ್ನುವುದು ಮರ್ಯಾದೆಗೆ ಹೇಳುವ ಮಾತು. ಬಾಗಿಲಿಗೆ ಕಿವಿ ಕೊಟ್ಟೇ ನಿಂತಿದ್ದಳು.

"ಒಂದೇ ಒಂದು ಹುತ್ತ ಮಾನಸ. ಉಳಿದದ್ದೆಲ್ಲ ರಿಪೇರಿ ಮಾಡಿಸು. ಮಗು ಹುಟ್ಟಿದ ಮೇಲೆ ಅದನ್ನೂ ತೆಗೆಸು."

"ಮಳೆ ಕಾಯ್ಕೊಂಡು ಇರ್ತದಾ?"

"ಅಕಸ್ಮಾತ್ ಈ ಸಲವೂ ಏನಾದ್ರೂ ಹೆಚ್ಚುಕಮ್ಮಿ ಆದ್ರೆ? ಹುತ್ತ ಅಗೆಸಿದ್ದಕ್ಕೇ ಹೀಗಾಯ್ತು ಅಂತ ಅವ್ವ ಸಾಯೋವರೆಗೂ ಅಂತಾಳೆ."

ಮಾನಸಳ ದನಿ ಒಡೆಯಿತು. "ನಿಮ್ಮವ್ವ ಅನ್ನೋದಿರಲಿ. ನಾನೇ ಅಂದ್ಕೊಳ್ತೀನಿ. ಎರಡು ಸಲ ಕಳ್ಕೊಂಡೋಳು ಕಣೋ ನಾನು. ನನಗೆ ಭಯ ಇಲ್ಲ ಅಂತ ತಿಳ್ಕೊಂಡಿದ್ದೀರಾ ಎಲ್ಲರೂ?"

ರತ್ನಾವತಿ ಮೆಲ್ಲಗೆ ಅಡುಗೆಮನೆಗೆ ಸರಿದುಕೊಂಡಳು. ಗೆದ್ದಿದ್ದಳು. ಆ ಸಂತೋಷಕ್ಕೆ ಸಂಜೆ ಕಡುಬು ಮಾಡಿ ಸೊಸೆಯ ತಟ್ಟೆಗೆ ತಾನೇ ಬಡಿಸಿದಳು. ಮಾನಸ ತಿಂದು ಎದ್ದಳು.

ರಿಪೇರಿ ನಡೆಯಿತು. ಏರಿಯ ಮುಳ್ಳುಗಿಡ ಕಿತ್ತರು, ಕುಸಿದಲ್ಲಿ ಮಣ್ಣು ತುಂಬಿ ಗಟ್ಟಿಸಿದರು, ತುಕ್ಕು ಹಿಡಿದ ತೂಬಿನ ಬಾಗಿಲು ಬಿಚ್ಚಿ ಗ್ರೀಸು ಹಚ್ಚಿದರು. ಹುತ್ತದ ಸುತ್ತ ಮಾತ್ರ ಹುಲ್ಲನ್ನೂ ಮುಟ್ಟಲಿಲ್ಲ. ನಾಗರಪಂಚಮಿಯ ದಿನ ರತ್ನಾವತಿ ತಂಬಿಟ್ಟು, ಚಿಗಳಿ ಮಾಡಿಕೊಂಡು ಹೋಗಿ ತನಿ ಎರೆದು, ಕೆಲಸದವರಿಗೂ ಹಂಚಿ ಬಂದಳು. ಬೀದಿಯಲ್ಲಿ ಅವಳಿಗೆ ಈಗ ಬೇರೆಯೇ ಬೆಲೆ. ಇಂಜಿನಿಯರನ್ನೇ ಬಗ್ಗಿಸಿದ ಅತ್ತೆ ಅಂತ ಸೆಲ್ವಿ ಎಲ್ಲರಿಗೂ ಹೇಳಿದಳು.

ದೀಪಾವಳಿಯ ಎಣ್ಣೆಸ್ನಾನ ಮುಗಿಯುವಷ್ಟರಲ್ಲಿ ಮಳೆ ಹಿಡಿಯಿತು. ಎಣ್ಣೂರಿನ ಸಮುದ್ರದ ಕಡೆಯಿಂದ ಕಪ್ಪಾಗಿ ಎದ್ದು ಬರುತ್ತಿತ್ತು, ಸುರಿಯುತ್ತಿತ್ತು, ಉಸಿರು ತೆಗೆದುಕೊಂಡು ಮತ್ತೆ ಸುರಿಯುತ್ತಿತ್ತು. ಒಗೆದ ಬಟ್ಟೆ ಒಣಗದೆ ಮನೆಯೆಲ್ಲ ಮುಗ್ಗಲು ವಾಸನೆ. ಮಾನಸ ಉಬ್ಬಿದ ಕಾಲುಗಳನ್ನು ಬೂಟಿನೊಳಗೆ ತುರುಕಿಕೊಂಡು ದಿನಕ್ಕೆರಡು ಸಲ ಏರಿ ಸುತ್ತಿ ಬರುತ್ತಿದ್ದಳು. ಏಳು ತಿಂಗಳ ಬಸುರಿ ಹೀಗೆ ಕೆಸರಲ್ಲಿ ತಿರುಗುವುದೇ ಅಂತ ರತ್ನಾವತಿ ಬೈದಳು. ಅಷ್ಟು ಪ್ರೀತಿ ಇದ್ದರೆ ಆವತ್ತೇ ನನ್ನ ಮಾತು ಕೇಳಬೇಕಿತ್ತು ಅಂತ ಮಾನಸ ತಿರುಗಿ ಬೈದಳು. ಕೆರೆ ತುಂಬಿ ಕೋಡಿ ಮುಟ್ಟಿತು.

ಮಳೆ ಬಿಟ್ಟ ಒಂದು ಬೆಳಿಗ್ಗೆ ಎಂದಿನಂತೆ ಹಾಲು ಹೊಯ್ದು ರತ್ನಾವತಿ ಏರಿಯ ಬೀದಿ ಕಡೆಯ ಕಾಲುದಾರಿಯಿಂದ ಇಳಿಯುತ್ತಿದ್ದಳು. ಹುತ್ತದ ನೇರ ಕೆಳಗೆ, ಏರಿಯ ಬುಡದ ಹುಲ್ಲಿನಲ್ಲಿ, ಸಣ್ಣಗೆ ನೀರು ಉಕ್ಕುತ್ತಿತ್ತು. ನೀರಲ್ಲ, ಬೆಳ್ಳಗಿತ್ತು. ಬಗ್ಗಿ ಬೊಗಸೆಯಲ್ಲಿ ಹಿಡಿದಳು. ಅವಳಿಗೆ ಮೈ ಜುಮ್ಮೆಂದಿತು. ಅಯ್ಯೋ ನನ್ನಪ್ಪಾ, ಮೇಲೆ ಎರೆದ ಹಾಲು ಕೆಳಗೆ ಬಂತಲ್ಲ! ಇಷ್ಟು ದಿನದ ತನಿಯೆಲ್ಲ ಸ್ವೀಕರಿಸಿ ನಾಗಪ್ಪ ಪ್ರಸಾದ ಕೊಡುತ್ತಿದ್ದಾನಲ್ಲ!

"ಸೆಲ್ವಿ! ಏ ಸೆಲ್ವೀ! ಪಾಲು, ಹಾಲು ಬತ್ತಾ ಐತೆ, ಬಾರೇ ಇಲ್ಲಿ!"

ಸೆಲ್ವಿ ಬಂದಳು, ನೋಡಿದಳು, ಕೆನ್ನೆ ಕೆನ್ನೆ ಬಡಿದುಕೊಂಡಳು. ಹೆಂಗಸರು ಸೇರಿದರು. ಕರ್ಪೂರ ಹಚ್ಚಿದರು, ಅರಿಶಿನ ಕುಂಕುಮ ಹಾಕಿದರು, ಬಾಟಲಿಗಳಿಗೆ ತುಂಬಿಕೊಂಡರು. ರತ್ನಾವತಿ ತನ್ನ ಹಾಲಿನ ಚೊಂಬನ್ನೇ ತೊಳೆದು ತೀರ್ಥ ತುಂಬಿಕೊಂಡು, ಚೆಲ್ಲದ ಹಾಗೆ ಎರಡು ಕೈಯಲ್ಲಿ ಹಿಡಿದು ಮನೆಗೆ ಓಡಿದಳು. ಆ ಕ್ಷಣ ಅವಳಿಗೆ ಸೊಸೆಯ ಮೇಲೆ ಒಂದಿಷ್ಟೂ ಸಿಟ್ಟಿರಲಿಲ್ಲ.

ಮಾನಸ ಕಾಲಿನ ಕೆಳಗೆ ದಿಂಬಿಟ್ಟುಕೊಂಡು ಕಾಫಿ ಕುಡಿಯುತ್ತಿದ್ದಳು. ರತ್ನಾವತಿ ಚೊಂಬಿನಿಂದ ಗಾಜಿನ ಲೋಟಕ್ಕೆ ಬಗ್ಗಿಸಿದಳು.

"ಮಾತಾಡದೆ ಕುಡಿದುಬಿಡು ಮಗ. ಎಲ್ಲಾ ಒಳ್ಳೇದಾಯ್ತದೆ."

"ಏನಿದು?"

"ನಾಗಪ್ಪನ ತೀರ್ಥ. ನಾನು ಎರೆದ ಹಾಲು ಏರಿ ಕೆಳಗಡೆ ಬಂದೈತೆ. ಊರೇ ನಿಂತು ನೋಡ್ತಾ ಐತೆ. ಇನ್ನಾದ್ರೂ ನಂಬು."

ಮಾನಸ ಲೋಟ ತೆಗೆದುಕೊಂಡು ಬಾಯಿಗಿಡಲಿಲ್ಲ. ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು. ತಳದಲ್ಲಿ ಆಗಲೇ ಬಿಳಿ ಜೇಡಿ ಇಳಿಯುತ್ತಿತ್ತು. ಒಂದು ಬೆರಳು ಅದ್ದಿ ಹೆಬ್ಬೆರಳಿಗೆ ಉಜ್ಜಿಕೊಂಡಳು. ಅವಳ ಮುಖದ ರಕ್ತವೆಲ್ಲ ಇಳಿದುಹೋಯಿತು.

"ಎಷ್ಟು ದಪ್ಪ ಬರ್ತಾ ಇದೆ?"

"ಎಂಥದ್ದು?"

"ನೀರು ಅತ್ತೆ, ನೀರು! ಬೆರಳಷ್ಟಾ? ಕೈಯಷ್ಟಾ?"

"ಹೆಬ್ಬೆರಳು ಗಾತ್ರ… ಯಾಕೆ?"

"ಇದು ಹಾಲಲ್ಲ. ಏರಿ ಮಣ್ಣು. ತಿಳಿನೀರು ಜಿನುಗಿದ್ರೆ ಭಯ ಇಲ್ಲ. ಮಣ್ಣು ಕಲಸ್ಕೊಂಡು ಬಂತು ಅಂದ್ರೆ ಏರಿ ಒಳಗಡೆಯಿಂದ ಕೊಚ್ಚಿ ಹೋಗ್ತಾ ಇದೆ." ಅವಳು ಲೋಟವನ್ನು ಮೇಜಿನ ಮೇಲೆ ಕುಕ್ಕಿ ಫೋನು ಕೈಗೆತ್ತಿಕೊಂಡಳು. "ಇದನ್ನ ನನಗೆ ಕುಡಿಸೋಕೆ ತಂದ್ರಾ?"

"ದೇವರ ತೀರ್ಥಕ್ಕೆ ಮಣ್ಣು ಅಂತೀಯೇನೇ, ಪಾಪಿ!"

ಮಾನಸಳಿಗೆ ಕೇಳಿಸಲೂ ಇಲ್ಲ. ಫೋನಿನಲ್ಲಿ ತಮಿಳಿನಲ್ಲಿ ಕೂಗುತ್ತಾ ಆಗಲೇ ಗೇಟು ದಾಟಿದ್ದಳು.

ಆ ದಿನ ಮಧ್ಯಾಹ್ನದೊಳಗೆ ಏರಿ ಬುಡಕ್ಕೆ ಲಾರಿ ಬಂತು. ತೀರ್ಥದ ಸುತ್ತ ಮರಳಿನ ಮೂಟೆಗಳನ್ನು ವೃತ್ತವಾಗಿ ಪೇರಿಸಿ, ನೀರು ಹೊರಬರಲಿ ಮಣ್ಣು ಬಾರದಿರಲಿ ಅಂತ ನಡುವೆ ಮರಳು ಜಲ್ಲಿ ತುಂಬಿದರು. ಅರಿಶಿನ ಕುಂಕುಮ, ಕರ್ಪೂರದ ತಟ್ಟೆ ಎಲ್ಲ ಅದರಡಿ ಹೋಯಿತು. ಎರಡು ತೂಬುಗಳ ಬಾಗಿಲನ್ನೂ ಪೂರ್ತಿ ಎತ್ತಿ ನೀರು ಇಳಿಯಲು ಬಿಟ್ಟರು. ಕೆಳಗಿನ ಬೀದಿಗಳವರು ಮನೆ ಖಾಲಿ ಮಾಡಿ ಶಾಲೆಗೆ ಹೋಗಬೇಕು ಅಂತ ಮೈಕಿನಲ್ಲಿ ಕೂಗಿಸಿದರು.

ರತ್ನಾವತಿಯ ಸಂಸಾರವೂ ಪಾತ್ರೆ ಪಡಗ ಹೊತ್ತು ಶಾಲೆಗೆ ಹೋಯಿತು. ಸಂಜೆ ಅಲ್ಲಿ ದೊಡ್ಡ ಹಂಡೆಯಲ್ಲಿ ಸಾಂಬಾರ್ ಅನ್ನ ಕಲಸಿ ಬಡಿಸುತ್ತಿದ್ದಾಗ ಮಾನಸ ಕೆಸರು ಮೆತ್ತಿಕೊಂಡು ಬಂದಳು. ಪ್ರತಾಪ್ ಕೈ ಹಿಡಿದು ಬೆಂಚಿನ ಮೇಲೆ ಕೂರಿಸಿದ.

"ನಾಳೆ ಬೆಳಿಗ್ಗೆ ನೀರು ಸ್ವಲ್ಪ ಇಳಿದಿರ್ತದೆ. ಹುತ್ತ ಅಗೆದು ಒಳಗೆ ಜೇಡಿಮಣ್ಣು ಗಿಡೀಬೇಕು. ಇಲ್ದಿದ್ರೆ ಮುಂದಿನ ಮಳೆಗೆ ಏರಿ ನಿಲ್ಲಲ್ಲ," ಅಂದಳು.

"ನಾನು ಬಿಡಕಿಲ್ಲ," ರತ್ನಾವತಿ ತಟ್ಟೆ ದೂರ ತಳ್ಳಿದಳು. "ಹೋಗಿ ಅಲ್ಲೇ ಕೂತ್ಕೋತೀನಿ. ನನ್ನ ಮೇಲೆ ಹತ್ತಿಸು ನಿನ್ನ ಮಿಷಿನ್ನ."

"ಅವ್ವ, ಸಾಕು ಸುಮ್ಮನಿರು. ನೂರಾರು ಜನ ನೆಲದ ಮೇಲೆ ಕೂತು ಉಣ್ತಾ ಇದ್ದಾರೆ, ಕಾಣಲ್ವಾ?" ಪ್ರತಾಪ್ ಮೊದಲ ಸಲ ದನಿ ಏರಿಸಿದ.

"ಕಾಣ್ತದೆ! ಎರಡು ಮಕ್ಕಳನ್ನ ಒಳಗೇ ತಿಂದ್ಕೊಂಡೋಳು, ಮೂರನೇದನ್ನೂ ತಿನ್ನೋಕೆ ಹೊರಟವಳೆ, ಅದೂ ಕಾಣ್ತದೆ!"

ಆಡಿದ ಮೇಲೆ ರತ್ನಾವತಿಗೇ ನಾಲಿಗೆ ಕಚ್ಚಿಕೊಳ್ಳುವ ಹಾಗಾಯಿತು. ಸುತ್ತ ಉಣ್ಣುತ್ತಿದ್ದವರಿಗೆ ಭಾಷೆ ತಿಳಿಯದಿದ್ದರೂ ಕೈ ನಿಂತವು. ಮಾನಸ ಎದ್ದಳು. ಅಳಲಿಲ್ಲ.

"ಆಡಿ ತಿಂಗಳಲ್ಲಿ ರಿಪೇರಿ ನಡೆದಾಗಲೇ ಅದನ್ನ ತೆಗೆಸಬೇಕಿತ್ತು. ನಿಮ್ಮ ಬಾಯಿಗೆ ಹೆದರಿ ಬಿಟ್ಟೆ. ನನ್ನ ಜೀವಮಾನದಲ್ಲಿ ಮಾಡಿದ ಕೆಟ್ಟ ಕೆಲಸ ಅದು. ಇನ್ನು ನೀವು ಏನು ಬೇಕಾದ್ರೂ ಅನ್ನಿ ಅತ್ತೆ, ಆ ಬಾಯಿಗೆ ಇನ್ನು ಹೆದರಲ್ಲ."

ಗಂಗಾಧರ ಆ ಹೊತ್ತು ಎರಡನೇ ಸಲ ಅನ್ನ ಹಾಕಿಸಿಕೊಳ್ಳಲಿಲ್ಲ. "ಬಾಯಿಗೆ ಬೀಗ ಹಾಕ್ಕೋ ಅಮ್ಮಿ," ಅಂದ ಹೆಂಡತಿಗೆ. ಮದುವೆಯಾದಾಗಿನಿಂದ ಅವನು ಅವಳಿಗೆ ಹಾಗೆ ಅಂದವನಲ್ಲ.

ಬೆಳಿಗ್ಗೆ ರತ್ನಾವತಿ ಹೇಳಿದ ಹಾಗೇ ಮಾಡಿದಳು. ಎಲ್ಲರಿಗಿಂತ ಮೊದಲು ಹೋಗಿ ಹುತ್ತಕ್ಕೆ ಬೆನ್ನು ಕೊಟ್ಟು ಕೂತಳು. ನೀರು ಒಂದು ಮೊಳ ಇಳಿದಿತ್ತು. ಹುತ್ತದ ಬುಡದಲ್ಲಿ, ನೀರಿನಂಚಿಗೆ, ಎಮ್ಮೆಯ ಬಾಯಿಯಷ್ಟು ದೊಡ್ಡ ತೂತು ತೆರೆದುಕೊಂಡಿತ್ತು. ಅದರ ಸುತ್ತಲಿನ ಮಣ್ಣು ಇವಳು ನೋಡುತ್ತಿದ್ದಂತೆಯೇ ಒಂದು ಹೆಂಟೆ ಕಳಚಿ ಒಳಗೆ ಬಿತ್ತು. ರತ್ನಾವತಿ ಅತ್ತ ನೋಡದೆ ಮುಖ ತಿರುಗಿಸಿಕೊಂಡಳು.

ಜೆಸಿಬಿ ಏರಿ ಮೇಲೆ ಬಂದರೆ ಭಾರಕ್ಕೆ ಏರಿಯೇ ಕುಸಿಯುತ್ತದೆ, ಕೈಯಲ್ಲೇ ಅಗೆಯಬೇಕು ಅಂತ ಮಾನಸ ಆಳುಗಳನ್ನು ಕರೆತಂದಿದ್ದಳು. ಅವರು ಬಂದರು, ಹುತ್ತ ನೋಡಿದರು, ಚಪ್ಪಲಿ ಬಿಟ್ಟರು, ಕೈಮುಗಿದು ನಿಂತುಬಿಟ್ಟರು.

"ನಾಂಗ ಮಾಟ್ಟೋಂ ಮೇಡಂ," ಅಂದ ಮೇಸ್ತ್ರಿ. ನಾವು ಮಾಡೋದಿಲ್ಲ. ಎಲ್ಲರಿಗೂ ಮನೆಯಲ್ಲಿ ಮಕ್ಕಳಿದ್ದಾರೆ. ಮೊದಲ ಏಟು ಬೇರೆ ಯಾರಾದರೂ ಹಾಕಲಿ, ಆಮೇಲೆ ಉಳಿದದ್ದೆಲ್ಲ ತಾವು ಅಗೆಯುತ್ತೇವೆ. ಮೊದಲ ಏಟಿನವನಿಗೇ ದೋಷ.

ಮಾನಸ ಗದರಿದಳು, ಬೇಡಿಕೊಂಡಳು. ಯಾರೂ ಮುಂದೆ ಬರಲಿಲ್ಲ. ಪ್ರತಾಪ್ ಒಂದು ಹೆಜ್ಜೆ ಇಟ್ಟ. "ನೀನು ಬಂದ್ರೆ ನನ್ನ ಹೆಣ ನೋಡ್ತೀಯ!" ಅಂತ ರತ್ನಾವತಿ ಕಿರುಚಿದಳು. ಬಸುರಿಯ ಗಂಡ ಅಲ್ಲೇ ನಿಂತ. ಅಷ್ಟರಲ್ಲಿ ಪೂರ್ವದ ಮೋಡ ಮತ್ತೆ ಕಪ್ಪಾಗತೊಡಗಿತ್ತು.

ಮಾನಸ ಮೇಸ್ತ್ರಿಯ ಕೈಯಿಂದ ಹಾರೆ ಕಿತ್ತುಕೊಂಡಳು. ಏಳು ತಿಂಗಳ ಹೊಟ್ಟೆ ಹೊತ್ತು ಹಾರೆ ಎತ್ತುವುದು ಸುಲಭವಲ್ಲ. ಮೊದಲ ಸಲ ಎತ್ತಲು ಹೋಗಿ ಹಿಂದಕ್ಕೆ ತೂಗಿದಳು. ಮತ್ತೆ ಕಾಲೂರಿ ನಿಂತಳು.

"ಏಳಿ ಅತ್ತೆ. ಇಲ್ದಿದ್ರೆ ಏಟು ನಿಮ್ಮ ಪಕ್ಕದಲ್ಲೇ ಬೀಳ್ತದೆ."

ರತ್ನಾವತಿ ಸೊಸೆಯ ಮುಖ ನೋಡಿದಳು. ಇವಳು ಹಾಕುತ್ತಾಳೆ. ಯಾರು ಅಡ್ಡ ಬಂದರೂ ಹಾಕೇ ಹಾಕುತ್ತಾಳೆ. ಹಾಕಿದ ದೋಷ ನೆಟ್ಟಗೆ ಹೊಟ್ಟೆಯೊಳಗಿರುವುದಕ್ಕೆ ತಗಲುತ್ತದೆ. ಅದು ಹೊಳೆದದ್ದೇ ತಡ ರತ್ನಾವತಿ ಎದ್ದು, ಎರಡೂ ಕೈ ಹಾಕಿ ಹಾರೆ ಎಳೆದುಕೊಂಡಳು.

"ಬಿಡೇ! ಬಿಡು ಅಂದ್ರೆ ಬಿಡು!"

ಮಾನಸ ಜಗ್ಗಿದಳು. ಅತ್ತೆಯದು ಮಳವಳ್ಳಿಯ ಗದ್ದೆಯಲ್ಲಿ ಬೆಳೆದ ಕೈ, ಹಾರೆ ಒಂದೇ ಎಳೆತಕ್ಕೆ ಬಂತು. ತಡೆಯಲಿಕ್ಕೇ ಕಿತ್ತುಕೊಂಡಳೆಂದು ಎಲ್ಲರೂ ತಿಳಿದರು. ರತ್ನಾವತಿ ಹುತ್ತದ ಕಡೆ ತಿರುಗಿದಳು. ಅವಳೇ ಉಡಿಸಿದ ಹಳದಿ ಸೀರೆ ಒದ್ದೆಯಾಗಿ ಅಂಟಿಕೊಂಡಿತ್ತು. "ನನ್ನ ಮೇಲೆ ಬರಲಿ ನಾಗಪ್ಪ, ನನ್ನೊಬ್ಬಳ ಮೇಲೇ ಬರಲಿ," ಅಂತ ಯಾರಿಗೂ ಕೇಳದಂತೆ ಅಂದು ಹಾರೆ ಎತ್ತಿ ಹಾಕಿದಳು. ಅಳುತ್ತಾ ಮತ್ತೊಂದು ಹಾಕಿದಳು. ಮೇಸ್ತ್ರಿ ಬಂದು ಮೆಲ್ಲಗೆ ಅವಳ ಕೈಯಿಂದ ಹಾರೆ ಬಿಡಿಸಿಕೊಳ್ಳುವವರೆಗೂ ನಿಲ್ಲಲಿಲ್ಲ.

ಒಳಗೆ ಹಾವಿರಲಿಲ್ಲ. ಮನುಷ್ಯನೊಬ್ಬ ತೆವಳಿಕೊಂಡು ಹೋಗುವಷ್ಟು ಪೊಳ್ಳಿತ್ತು. ಸಂಜೆಯ ಮಳೆ ಬರುವಷ್ಟರಲ್ಲಿ ಜೇಡಿಮಣ್ಣು ತುಂಬಿ ಗಟ್ಟಿಸಿ ಮುಗಿಸಿದರು. ಏರಿ ನಿಂತಿತು. ಜನ ಮನೆಗಳಿಗೆ ಹಿಂದಿರುಗಿದರು. ಸೆಲ್ವಿ ರತ್ನಾವತಿಯನ್ನು ಕಂಡರೆ ಬಾಗಿಲು ಹಾಕಿಕೊಳ್ಳತೊಡಗಿದಳು.

ಜನವರಿಯ ಕೊನೆಗೆ ಮಾನಸ ಹೆತ್ತಳು. ಹೆಣ್ಣುಮಗು, ಕೈಕಾಲು ಗಟ್ಟಿ, ಆಸ್ಪತ್ರೆಯ ಗೋಡೆ ಬಿರಿಯುವ ಹಾಗೆ ಅಳುತ್ತಿತ್ತು. ನರ್ಸು ಬಟ್ಟೆ ಸುತ್ತಿ ತಂದು ಅಜ್ಜಿಗೆ ಕೊಡಲು ಬಂದಾಗ ರತ್ನಾವತಿ ಎರಡು ಹೆಜ್ಜೆ ಹಿಂದೆ ಹೋದಳು. "ಅವರಿಗೆ ಕೊಡಿ," ಅಂತ ಗಂಗಾಧರನ ಕಡೆ ತೋರಿಸಿದಳು.

ಮನೆಗೆ ಬಂದ ಮೇಲೂ ಅದೇ. ಬಾಣಂತನದಲ್ಲಿ ಒಂದು ಕೊರತೆ ಮಾಡಲಿಲ್ಲ. ಹಂಡೆಗಟ್ಟಲೆ ನೀರು ಕಾಯಿಸಿದಳು, ಮೆಣಸಿನ ಸಾರು, ಬೆಳ್ಳುಳ್ಳಿ ಹುರಿದು ಕೊಟ್ಟಳು, ಸಾಂಬ್ರಾಣಿ ಹಾಕಿದಳು, ಉಚ್ಚೆಬಟ್ಟೆ ಒಗೆದಳು. ಮಗುವನ್ನು ಮಾತ್ರ ಮುಟ್ಟಲಿಲ್ಲ. ನೀರೆರೆಯಲು ಬೀದಿಯಾಚೆಯಿಂದ ಒಬ್ಬ ಮುದುಕಿಯನ್ನು ಗೊತ್ತು ಮಾಡಿದಳು. ಮಗು ಅತ್ತರೆ ಜೋಲಿಯ ಹಗ್ಗ ಎಳೆಯುವಳು, ನಿಲ್ಲದಿದ್ದರೆ ಗಂಡನನ್ನು ಕೂಗುವಳು. ಗಂಗಾಧರ ಟಿವಿ ಬಿಟ್ಟು ಬಂದು ಎತ್ತಿಕೊಳ್ಳುತ್ತಿದ್ದ.

ಮಾನಸ ನೋಡಿದಳು, ಸಹಿಸಿದಳು, ಒಳಗೊಳಗೇ ಕುದಿದಳು. ಅತ್ತೆ ಸೊಸೆಯ ನಡುವೆ ಉಪ್ಪು ಖಾರಕ್ಕಿಂತ ಹೆಚ್ಚಿನ ಮಾತಿರಲಿಲ್ಲ. ನಾಮಕರಣದ ಹಿಂದಿನ ದಿನ ಬೆಳಿಗ್ಗೆ ಅದು ಸಿಡಿಯಿತು. ರತ್ನಾವತಿ ಪಡಸಾಲೆಯಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು.

"ನಾಳೆ ತೊಟ್ಟಿಲಿಗೆ ಯಾರು ಹಾಕೋದು?" ಮಗುವನ್ನು ಎತ್ತಿಕೊಂಡೇ ಮಾನಸ ಬಂದು ನಿಂತಳು.

"ಯಾರಾದ್ರೂ ಮುತ್ತೈದೇರನ್ನ ಕರಿ."

"ಅಜ್ಜಿ ಬದುಕಿರುವಾಗ ಬೀದಿಯವರನ್ನ ಕರೀಬೇಕಾ? ಹೆಣ್ಣು ಹುಟ್ತು ಅಂತ ತಾನೇ ನಿಮಗೆ ಈ ಹೊಟ್ಟೆಯುರಿ?"

"ಥೂ! ಹೆಣ್ಣಂತೆ ಹೆಣ್ಣು! ನಾನೇನು ಗಂಡಾ?"

"ಮತ್ತೆ? ನನ್ನ ಮೇಲಿನ ದ್ವೇಷಾನ ಈ ಕೂಸಿನ ಮೇಲೆ ತೀರಿಸ್ಕೊಳ್ತಾ ಇದ್ದೀರಾ? ಒಂದು ದಿನ, ಒಂದೇ ಒಂದು ದಿನ ಇದರ ಕೆನ್ನೆ ಮುಟ್ಟಿದ್ದೀರಾ ನೀವು?"

"ಹೆಂಗೇ ಮುಟ್ಲಿ?" ರತ್ನಾವತಿ ಮೊರವನ್ನು ನೂಕಿದಳು, ಕಾಳೆಲ್ಲ ಚೆಲ್ಲಾಪಿಲ್ಲಿಯಾಯಿತು. "ಹುತ್ತ ಅಗೆದ ಕೈ ಕಣೇ ಇದು! ದೋಷ ನನ್ನ ಮೇಲೇ ಬರಲಿ ಅಂತ ಬೇಡ್ಕೊಂಡು ಹಾಕಿದ್ದು. ಈ ಕೈಲಿ ಮುಟ್ಟಿ ಅದಕ್ಕೂ ಅಂಟಿಸಲಾ? ಅಷ್ಟಕ್ಕೇ ಅಗೆದ್ನಾ ನಾನು?"

ಆವತ್ತು ಅತ್ತೆ ಹಾರೆ ಎತ್ತಿದ್ದು ಕಣ್ಣಾರೆ ತೂತು ನೋಡಿ ಬುದ್ಧಿ ಬಂದದ್ದಕ್ಕೆ ಅಂತಲೇ ಮಾನಸ ಇಷ್ಟು ದಿನ ತಿಳಿದಿದ್ದಳು. ನಿಜ ಗೊತ್ತಾದ ಮೇಲೆ ಅವಳಿಗೆ ಕರುಣೆ ಬರಲಿಲ್ಲ, ಇನ್ನಷ್ಟು ಸಿಟ್ಟು ಬಂತು.

"ಯಾರು ಕೇಳಿದ್ರು ನಿಮ್ಮನ್ನ ಹಾರೆ ಹಿಡೀರಿ ಅಂತ?"

"ಯಾರೂ ಕೇಳ್ಲಿಲ್ಲ. ನೀನು ಹಿಡ್ಕೊಂಡು ನಿಂತಿದ್ದೆಯಲ್ಲ, ಅದಕ್ಕೆ ಕಿತ್ಕೊಂಡೆ. ನಿನಗೋಸ್ಕರ ಅಂತ ತಿಳ್ಕೋಬೇಡ."

"ಇನ್ನು ಎಷ್ಟು ದಿನ ಹೀಗೆ?"

"ಸಾಯೋಗಂಟ."

"ಓಹೋ! ಇದು ಅಜ್ಜೀ ಅಜ್ಜೀ ಅಂತ ಹಿಂದೆ ಬಂದ್ರೂ?"

ರತ್ನಾವತಿ ಕೈಗಳನ್ನು ಸೆರಗಿನೊಳಗೆ ಸುತ್ತಿಕೊಂಡಳು. ಮಾನಸ ಅವಳೆದುರು ಮಂಡಿಯೂರಿ, ಮಗುವನ್ನು ತೋಳುದ್ದ ಮುಂದೆ ಹಿಡಿದಳು.

"ಹಿಡೀರಿ."

"ಒಲ್ಲೆ. ಹೋಗು ಅತ್ತ."

"ನಾನು ಬಿಡ್ತೀನಿ ಅತ್ತೆ. ದೇವರಾಣೆ ಬಿಡ್ತೀನಿ."

"ಹುಚ್ಚು ಹಿಡಿದೈತೇನೇ ನಿನಗೆ? ಬಾಣಂತಿ ಸನ್ನಿ! ಪ್ರತಾಪಾ, ಬಾರೋ ಇಲ್ಲಿ! ಇವಳು…"

ಮಾನಸ ಒಂದು ಕೈ ತೆಗೆದಳು. ಮಗು ಪಕ್ಕಕ್ಕೆ ವಾಲಿ ಅಳತೊಡಗಿತು. ಸೆರಗಿನಿಂದ ರತ್ನಾವತಿಯ ಎರಡೂ ಕೈ ತಾವಾಗಿಯೇ ಹೊರಗೆ ಬಂದಿದ್ದವು. ಮಾನಸ ಇನ್ನೊಂದು ಕೈಯನ್ನೂ ತೆಗೆದು ಎದ್ದು ನಿಂತಳು.

ಪ್ರತಾಪ್ ಹಲ್ಲುಜ್ಜುತ್ತಾ ಓಡಿಬಂದ. ಗಂಗಾಧರ ಟಿವಿ ಸದ್ದು ಕಡಿಮೆ ಮಾಡಿದ.

"ತಗೊಳ್ಳೋ ಇದನ್ನ! ತಗೋ ಅಂದ್ರೆ!" ರತ್ನಾವತಿ ಕಿರುಚಿದಳು.

"ಮುಟ್ಟಿದ್ರೆ ನೋಡು," ಅಂದಳು ಮಾನಸ ಗಂಡನಿಗೆ. ಅಡುಗೆಮನೆಗೆ ಹೋಗಿ ತಟ್ಟೆಗೆ ಇಡ್ಲಿ ಹಾಕಿಕೊಂಡು, ಬೆನ್ನು ತಿರುಗಿಸಿ ತಿನ್ನಲು ಕೂತಳು.

"ಕೈ ಸೇದಿಹೋಗ! ಹೆತ್ತ ಕೂಸನ್ನ ಎತ್ತಿ ಎಸೆಯೋಕೆ ಬಂದವಳೆ! ನೀನೂ ಒಬ್ಬಳು ತಾಯಿಯೇನೇ? ಬಿದ್ದಿದ್ರೆ ಏನು ಗತಿಯಾಗ್ತಿತ್ತು? ಇಂಜಿನಿಯರಂತೆ ಇಂಜಿನಿಯರು! ಕೆರೆ ನೋಡ್ಕೊಳ್ಳೋಕೆ ಬತ್ತದೆ, ಒಂದು ಕೂಸು ಹಿಡ್ಕೊಳ್ಳೋಕೆ ಬರಲ್ಲ…" ರತ್ನಾವತಿ ಸೊಸೆಯ ಹೊಸೂರನ್ನು ಬೈದಳು, ಅವಳ ಓದನ್ನು ಬೈದಳು, ಅವಳನ್ನು ಕೆಲಸಕ್ಕಿಟ್ಟುಕೊಂಡ ಸರ್ಕಾರವನ್ನು ಬೈದಳು, ಮಧ್ಯೆ ಮಧ್ಯೆ ನಾಗಪ್ಪನಿಗೆ ತಪ್ಪಾಯ್ತು ತಪ್ಪಾಯ್ತು ಅಂದಳು. ಮಗು ಅಳು ನಿಲ್ಲಿಸಿ ಅವಳ ಬಾಯಿಯನ್ನೇ ನೋಡತೊಡಗಿತು. ಬೈಗುಳ ಬೀದಿಯ ಕೊನೆಯವರೆಗೂ ಕೇಳಿಸುತ್ತಿತ್ತು. ಮಾನಸ ಇಡ್ಲಿ ತಿಂದು, ಕೈ ತೊಳೆದು, ಇನ್ನೊಂದು ಲೋಟ ಕಾಫಿ ಕುಡಿದು ಮುಗಿಸಿದಳು. ರತ್ನಾವತಿ ಇನ್ನೂ ಬೈಯುತ್ತಲೇ ಇದ್ದಳು. ಮಗುವನ್ನು ಮಾತ್ರ ಕೆಳಗಿಟ್ಟಿರಲಿಲ್ಲ.